ಕಲಿತದ್ದೊಂದು, ಡ್ಯೂಟಿ ಇನ್ನೊಂದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ತಕರಾರು. ಕಲಿತ ಕೆಲಸ ಒಂದು, ಸೇನೆಯಲ್ಲಿ ಕೊಟ್ಟ ಕೆಲಸ ಇನ್ನೊಂದು. ಹಾಗಾಗಿ ಪಿಂಚಣಿ, ಕ್ಯಾಂಟೀನ್ ಕಾರ್ಡ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಹೆಸರು ಬೇಡ ಅಂದವರ ಹೆಸರು ಹಾಕಿಲ್ಲ. ಬೇಕು ಅಂದವರದ್ದೂ ಹಾಕಿಲ್ಲ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನ್ನ ತಮ್ಮ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಅಗ್ನಿವೀರನಾಗಿ ಸೇರಿದ. ಈಗ ಒಂದು ಇನ್‌ಫೆಂಟ್ರಿ (ಕಾಲಾಳು) ಬೆಟಾಲಿಯನ್‌ನಲ್ಲಿ ಇದ್ದಾನೆ. ಊರಲ್ಲಿದ್ದಾಗ ಅಕ್ಕಪಕ್ಕದವರ ಟಿವಿ, ಮಿಕ್ಸಿ, ಯುಪಿಎಸ್ ಎಲ್ಲ ಇವನ ಕೈಯಲ್ಲೇ ರಿಪೇರಿ ಆಗುತ್ತಿತ್ತು. ಈಗ ಫೋನ್ ಮಾಡಿದರೆ ಗಾರ್ಡ್ ಡ್ಯೂಟಿ, ಪಿಟಿ, ಫಟೀಗ್ (ಕ್ಯಾಂಪಿನ ಚಿಲ್ಲರೆ ಕೆಲಸ) ಇಷ್ಟೇ ಸುದ್ದಿ. ‘ಅಕ್ಕ, ಸೋಲ್ಡರಿಂಗ್ ಐರನ್ ಮುಟ್ಟಿ ವರ್ಷದ ಮೇಲಾಯ್ತು’ ಅಂದ. ಓದಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ವಾ? ಯಾರಿಗೆ ಅರ್ಜಿ ಕೊಡಬೇಕು ಹೇಳಿ. – ಹಾಸನ ಜಿಲ್ಲೆಯ ಓದುಗರು

ಉತ್ತರ: ಮೊದಲು ನಾನೊಂದು ಕೇಳುತ್ತೇನೆ. ನಿಮ್ಮ ತಮ್ಮ ಅರ್ಜಿ ಹಾಕಿದ್ದು ಯಾವ ವಿಭಾಗಕ್ಕೆ? ಇನ್‌ಫೆಂಟ್ರಿಯಲ್ಲಿ ಇದ್ದಾನೆ ಅಂದರೆ ಬಹುಶಃ ಜನರಲ್ ಡ್ಯೂಟಿ, ಅಂದರೆ ಜಿಡಿ. ಜಿಡಿಗೆ ಕೇಳುವ ಓದು 10ನೇ ತರಗತಿ. ಅಲ್ಲಿ ಡಿಪ್ಲೊಮಾ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟೆಕ್ನಿಕಲ್ ವಿಭಾಗ ಬೇರೆಯೇ ಇದೆ. ಅದಕ್ಕೆ ಪಿಯುಸಿ ವಿಜ್ಞಾನ ಆದವರು, ಐಟಿಐ ಅಥವಾ ಡಿಪ್ಲೊಮಾ ಆದವರು ಅರ್ಜಿ ಹಾಕಬಹುದು. 2023ರಿಂದ ಐಟಿಐ, ಡಿಪ್ಲೊಮಾದವರಿಗೆ ಅಲ್ಲಿ ಹೆಚ್ಚುವರಿ ಅಂಕ ಕೂಡ ಕೊಡುತ್ತಿದ್ದಾರೆ. ನಮ್ಮ ಹುಡುಗರು ಏನು ಮಾಡುತ್ತಾರೆ ಅಂದರೆ, ಜಿಡಿಯಲ್ಲಿ ಸೀಟು ಜಾಸ್ತಿ, ಪರೀಕ್ಷೆ ಸಲೀಸು, ಮೊದಲು ಒಳಗೆ ಹೋಗೋಣ ಆಮೇಲೆ ನೋಡಿಕೊಂಡರಾಯಿತು ಅಂತ ಜಿಡಿಗೇ ಟಿಕ್ ಹಾಕುತ್ತಾರೆ. ಆ ‘ಆಮೇಲೆ’ ಅನ್ನೋದು ಸೇನೆಯಲ್ಲಿ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಅಗ್ನಿಪಥದ ಷರತ್ತುಗಳಲ್ಲೇ ಬರೆದಿದೆ: ಅಗ್ನಿವೀರನನ್ನು ಯಾವ ರೆಜಿಮೆಂಟಿಗೆ ಬೇಕಾದರೂ, ಯಾವ ಯೂನಿಟ್ಟಿಗೆ ಬೇಕಾದರೂ ಹಾಕಬಹುದು, ಸಂಸ್ಥೆಗೆ ಬೇಕಿದ್ದರೆ ಮತ್ತೆ ಬದಲಾಯಿಸಬಹುದು. ಅಂದರೆ ಅಲ್ಲಿ ಹಂಚಿಕೆ ನಡೆಯುವುದು ಖಾಲಿ ಜಾಗದ ಲೆಕ್ಕದ ಮೇಲೆ. ಯಾವ ಹುಡುಗ ಏನು ಕಲಿತು ಬಂದಿದ್ದಾನೆ ಅನ್ನೋದು ಆ ಲೆಕ್ಕದಲ್ಲಿ ಹಿಂದಿನ ಸಾಲಿನದು.

ಹಾಗಂತ ಅವನ ಓದು ದಂಡ ಅಂತ ನಾನು ಹೇಳಲಾರೆ. ಇನ್‌ಫೆಂಟ್ರಿ ಅಂದರೆ ಬರೀ ರೈಫಲ್ ಅಲ್ಲ ಅನ್ನೋದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಪ್ರತಿ ಬೆಟಾಲಿಯನ್‌ಗೂ ಅದರದ್ದೇ ಸಿಗ್ನಲ್ ಪ್ಲಟೂನ್ ಇರುತ್ತದೆ. ರೇಡಿಯೊ ಸೆಟ್, ಆಂಟೆನಾ, ಬ್ಯಾಟರಿ ಚಾರ್ಜಿಂಗ್, ಲೈನ್ ಎಳೆಯುವುದು ಎಲ್ಲ ಅವರ ಪಾಲು. ಗಾಡಿ ನೋಡಿಕೊಳ್ಳಲು ಎಂಟಿ ಪ್ಲಟೂನ್ ಇದೆ. ಈಗ ಇನ್‌ಫೆಂಟ್ರಿ ಬೆಟಾಲಿಯನ್‌ಗಳಿಗೆ ಡ್ರೋನ್ ಪ್ಲಟೂನ್ ಕೂಡ ಬಂದಿದೆ, 2025ರ ಜುಲೈನಲ್ಲಿ ಕಾರ್ಗಿಲ್ ವಿಜಯ ದಿವಸದ ದಿನ ಸೇನಾ ಮುಖ್ಯಸ್ಥರೇ ಅದನ್ನು ಹೇಳಿದರು. ಡ್ರೋನ್ ಕೆಳಗೆ ಬಿದ್ದಾಗ ಮೋಟಾರ್ ಸುಟ್ಟಿದೆಯೋ, ಬರೀ ಒಂದು ವೈರ್ ಕಿತ್ತಿದೆಯೋ ಅಂತ ಮಲ್ಟಿಮೀಟರ್ ಹಿಡಿದು ನೋಡಬಲ್ಲ ಹುಡುಗ ಬೆಟಾಲಿಯನ್‌ನಲ್ಲಿ ಇದ್ದರೆ ಯಾವ ಕಮಾಂಡರಾದರೂ ಬೇಡ ಅನ್ನುತ್ತಾರಾ? ತೊಂದರೆ ಇರುವುದು ಬೇರೆ ಕಡೆ. ಅಂಥ ಹುಡುಗ ತಮ್ಮಲ್ಲೇ ಇದ್ದಾನೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ.

ಆದ್ದರಿಂದ ನೀವು ದೆಹಲಿಗೆ ಅರ್ಜಿ ಬರೆಯಲು ಹೋಗಬೇಡಿ. ಎಂಎಲ್‌ಎ ಶಿಫಾರಸು ಪತ್ರ ಅಂತೂ ಬೇಡವೇ ಬೇಡ, ಅದು ಹುಡುಗನಿಗೇ ತಿರುಗುಬಾಣ ಆಗುತ್ತದೆ. ಅವನು ಮಾಡಬೇಕಾದ ಮೊದಲ ಕೆಲಸ, ಡಿಪ್ಲೊಮಾ ಸರ್ಟಿಫಿಕೇಟ್ ತನ್ನ ದಾಖಲೆಯಲ್ಲಿ ಸೇರಿದೆಯೋ ಇಲ್ಲವೋ ಅಂತ ಕಂಪನಿ ಕ್ಲರ್ಕ್ ಹತ್ತಿರ ಕೇಳುವುದು. ಸೇರಿಲ್ಲದಿದ್ದರೆ ಪಾರ್ಟ್ ಟು ಆರ್ಡರ್ ಮಾಡಿಸಬೇಕು. ಮದುವೆ ಆದರೆ, ಮಗು ಹುಟ್ಟಿದರೆ ಅದನ್ನು ರೆಕಾರ್ಡ್ ಆಫೀಸಿಗೆ ತಿಳಿಸುವುದು ಅದೇ ಆರ್ಡರ್ ಮೂಲಕ, ಓದಿನ ಅರ್ಹತೆಯೂ ಹಾಗೇ. ಕಾಗದದಲ್ಲಿ ಇಲ್ಲದ್ದು ಫೌಜಿನಲ್ಲಿ ಇಲ್ಲ. ಅದಾದ ಮೇಲೆ ಪ್ಲಟೂನ್ ಹವಾಲ್ದಾರ್‌ಗೆ ಹೇಳಿ, ಅವರ ಮೂಲಕ ಕಂಪನಿ ಕಮಾಂಡರ್ ಇಂಟರ್‌ವ್ಯೂ ಕೇಳಲಿ. ಅಲ್ಲಿ ‘ನನಗೆ ಗಾರ್ಡ್ ಡ್ಯೂಟಿ ಬೇಡ ಸಾಬ್’ ಅಂದರೆ ಕೆಲಸ ಕೆಟ್ಟಿತು. ‘ನನಗೆ ಎಲೆಕ್ಟ್ರಾನಿಕ್ಸ್ ಬರುತ್ತದೆ, ಸಿಗ್ನಲ್ ಕೇಡರ್‌ಗೆ ನನ್ನ ಹೆಸರು ಹಾಕಿ’ ಅನ್ನಬೇಕು (ಕೇಡರ್ ಅಂದರೆ ಯೂನಿಟ್ ಒಳಗೇ ಕೊಡುವ ತರಬೇತಿ). ಗಾರ್ಡ್ ಆಮೇಲೂ ಇದ್ದೇ ಇರುತ್ತದೆ, ಅದಕ್ಕೆ ತಯಾರಿರಲಿ. ನಾಲ್ಕು ವರ್ಷದ ಕೊನೆಗೆ ಶೇಕಡಾ 25ರಷ್ಟು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅಷ್ಟರೊಳಗೆ ಅವನ ಕೈಯಲ್ಲಿ ಒಂದು ಕೋರ್ಸಿನ ಗ್ರೇಡಿಂಗ್ ಇದ್ದರೆ ಒಳಗೆ ಉಳಿದರೂ ಉಪಯೋಗ, ಹೊರಗೆ ಬಂದರೂ ಉಪಯೋಗ.

ಪ್ರಶ್ನೆ: ನಾನು ಈಚೆಗೆ ನಿವೃತ್ತನಾದ ಹವಾಲ್ದಾರ್, ವೆಹಿಕಲ್ ಮೆಕ್ಯಾನಿಕ್ ಟ್ರೇಡ್. ನಮಗೆ ಎಕ್ಸ್ ಗ್ರೂಪ್ ಪೇ (ತಾಂತ್ರಿಕ ಟ್ರೇಡ್‌ನವರಿಗೆ ಸಿಗುವ ಹೆಚ್ಚುವರಿ ಹಣ) ಕೊಡುತ್ತಾರೆ. ಆದರೆ ತಿಂಗಳಲ್ಲಿ ಬಹಳ ದಿನ ಗಾರ್ಡ್, ವರ್ಕಿಂಗ್ ಪಾರ್ಟಿ, ಯಾವುದೋ ಫಂಕ್ಷನ್‌ಗೆ ಶಾಮಿಯಾನ, ಕುರ್ಚಿ, ಹುಲ್ಲು ಕೀಳೋದು. ಹೊರಗೆ ಗಾಡಿ ಸಾಲಾಗಿ ನಿಂತಿರುತ್ತಿತ್ತು. ಇದು ನಮ್ಮಲ್ಲಿ ಮಾತ್ರವಾ, ಎಲ್ಲಾ ದೇಶದ ಸೇನೆಯಲ್ಲೂ ಹೀಗೇನಾ? – ಬಾಗಲಕೋಟೆ

ಉತ್ತರ: ಎಲ್ಲಾ ಕಡೆ ಇದೆ ಹವಾಲ್ದಾರ್ ಸಾಹೇಬ್ರೆ. ನೀವು ಇಪ್ಪತ್ತು ವರ್ಷ ಭುಜದ ಮೇಲೆ ಯಾವ ಇಎಂಇ (ಸೇನೆಯ ಗಾಡಿ, ಯಂತ್ರ ರಿಪೇರಿ ಮಾಡುವ ವಿಭಾಗ) ಹೆಸರು ಹೊತ್ತುಕೊಂಡು ಓಡಾಡಿದಿರೋ ಆ ಕೋರ್, ಅಂದರೆ ಆ ವಿಭಾಗ, ಹುಟ್ಟಿದ್ದೇ ಈ ತಕರಾರಿನಿಂದ.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾರ್ಖಾನೆಗಳಿಗೆ ನುರಿತ ಕೆಲಸಗಾರರೇ ಸಿಗುತ್ತಿರಲಿಲ್ಲ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎಲ್ಲ ಸೇನೆಗೆ ಹೋಗಿಬಿಟ್ಟಿದ್ದರು. ಹೋದವರಾದರೂ ಅಲ್ಲಿ ತಮ್ಮ ಕೆಲಸ ಮಾಡುತ್ತಿದ್ದಾರಾ ಅಂದರೆ ಅದೂ ಇಲ್ಲ ಅನ್ನುವ ದೂರು. 1941ರಲ್ಲಿ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಇದನ್ನು ನೋಡಲು ಒಂದು ಸಮಿತಿ ಮಾಡಿದರು, ಅದರ ಅಧ್ಯಕ್ಷರು ವಿಲಿಯಂ ಬೆವೆರಿಜ್. (ಹೌದು, ಮುಂದಿನ ವರ್ಷ ಸಾಮಾಜಿಕ ವಿಮೆಯ ವರದಿ ಬರೆದು ಹೆಸರಾದವರೇ. ಅವರ ಈ ಸೇನೆಯ ವರದಿಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.) ಸಮಿತಿ ಕಂಡುಕೊಂಡ ಮೂಲ ರೋಗ ಇದು: ಹೊಸಬನನ್ನು ಮೊದಲ ದಿನವೇ ಯಾವುದೋ ಒಂದು ರೆಜಿಮೆಂಟಿಗೆ, ಒಂದು ಕೋರ್‌ಗೆ ಬರೆಸಿಕೊಂಡುಬಿಡುತ್ತಿದ್ದರು. ಆಮೇಲೆ ಅವನು ಒಳ್ಳೆ ಮೆಕ್ಯಾನಿಕ್ ಅಂತ ಗೊತ್ತಾದರೂ ಆ ರೆಜಿಮೆಂಟ್ ಬಿಟ್ಟುಕೊಡುತ್ತಿರಲಿಲ್ಲ. ರಿಪೇರಿ ಕೆಲಸವೂ ಹತ್ತು ಕೈಗೆ ಹಂಚಿಹೋಗಿತ್ತು. ಆರ್ಡ್‌ನೆನ್ಸ್‌ನವರದ್ದು ಒಂದು ವರ್ಕ್‌ಶಾಪ್, ಸರ್ವಿಸ್ ಕೋರ್‌ನವರದ್ದು ಇನ್ನೊಂದು, ಎಂಜಿನಿಯರ್‌ಗಳದ್ದು ಮತ್ತೊಂದು.

1942ರಲ್ಲಿ ಎರಡು ಬದಲಾವಣೆ ಆಯಿತು. ಹೊಸಬರನ್ನೆಲ್ಲ ಮೊದಲು ಜನರಲ್ ಸರ್ವಿಸ್ ಕೋರ್ ಅನ್ನುವ ಸಾಮಾನ್ಯ ಪಟ್ಟಿಗೆ ಸೇರಿಸಿ, ಕೆಲವು ವಾರ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಯಾರಿಗೆ ಏನು ಬರುತ್ತದೆ ನೋಡಿ ಆಮೇಲೆ ಹಂಚಲು ಶುರು ಮಾಡಿದರು. ಮತ್ತೆ ಅಕ್ಟೋಬರ್ 1ರಂದು ರಿಪೇರಿಗೆಂದೇ ರಾಯಲ್ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ಕಟ್ಟಿದರು. ಮರುವರ್ಷ, 1943ರಲ್ಲಿ, ಅದೇ ಮಾದರಿಯಲ್ಲಿ ಇಲ್ಲಿ ಇಂಡಿಯನ್ ಇಎಂಇ ಹುಟ್ಟಿತು. ನಮ್ಮ ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್ ಇವತ್ತು ಇದೇ ಇಎಂಇಯದ್ದು.

ಅಷ್ಟೆಲ್ಲ ಆದ ಮೇಲೂ ನಿಮ್ಮ ಕೈಗೆ ಸ್ಪ್ಯಾನರ್ ಬದಲು ಶಾಮಿಯಾನದ ಹಗ್ಗ ಯಾಕೆ ಬಂತು? ನನಗೆ ಅನಿಸುವುದು ಹೇಳುತ್ತೇನೆ. ಗಾರ್ಡ್ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ ಬಿದ್ದರೆ ಅದು ಅವತ್ತೇ ಸಂಜೆ ಗೊತ್ತಾಗುತ್ತದೆ, ಕಂಪನಿ ಹವಾಲ್ದಾರ್ ಮೇಜರ್ ಬೈಸಿಕೊಳ್ಳುತ್ತಾನೆ. ಗಾಡಿ ಒಂದು ವಾರ ಜಾಸ್ತಿ ವಿಒಆರ್ (ಕೆಟ್ಟು ರಸ್ತೆಗಿಳಿಯದೆ) ಆಗಿ ನಿಂತರೆ ‘ಪಾರ್ಟ್ ಬಂದಿಲ್ಲ’ ಅಂತ ಬರೆದರೆ ಮುಗಿಯಿತು, ಯಾರೂ ಬೈಸಿಕೊಳ್ಳುವುದಿಲ್ಲ. ನಫ್ರಿ (ಜನಬಲ) ಕಮ್ಮಿ ಇದ್ದಾಗ ಹವಾಲ್ದಾರ್ ಮೇಜರ್ ಕಣ್ಣಿಗೆ ಮೆಕ್ಯಾನಿಕ್, ಕ್ಲರ್ಕ್, ಡ್ರೈವರ್ ಅಂತ ಬೇರೆ ಬೇರೆ ಕಾಣುವುದಿಲ್ಲ, ತಲೆ ಕಾಣುತ್ತದೆ. ಅವನನ್ನೂ ದೂರುವ ಹಾಗಿಲ್ಲ, ಪಟ್ಟಿ ತುಂಬಿಸುವುದೇ ಅವನ ಕೆಲಸ.

ಇದರ ಖರ್ಚು ಮಾತ್ರ ಸಣ್ಣದಲ್ಲ. ಏಳನೇ ವೇತನ ಆಯೋಗದ ನಂತರ ಡಿಪ್ಲೊಮಾ ಮಟ್ಟದ ಅರ್ಹತೆ ಇರುವ ಎಕ್ಸ್ ಗ್ರೂಪ್ ಜವಾನನಿಗೆ ತಿಂಗಳಿಗೆ 6,200 ರೂಪಾಯಿ, ಆ ಅರ್ಹತೆ ಇಲ್ಲದ ಎಕ್ಸ್ ಗ್ರೂಪ್‌ನವರಿಗೆ 3,600 ರೂಪಾಯಿ ಪ್ರತ್ಯೇಕವಾಗಿ ಕೊಡುತ್ತಾರೆ. ಕೌಶಲಕ್ಕೆ ಅಂತ ದುಡ್ಡು ಕೊಟ್ಟು, ಕೌಶಲ ಬೇಡದ ಕೆಲಸಕ್ಕೆ ನಿಲ್ಲಿಸುವುದು ಯಾವ ಲೆಕ್ಕ? ಇನ್ನೊಂದು, ಕೈ ಮರೆಯುತ್ತದೆ. ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೆ ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದನ್ನೇ ನೋಡಿ. ಬ್ಲೀಡ್ ಸ್ಕ್ರೂ ಅಷ್ಟೇ ಅಷ್ಟು ಸಡಿಲ ಮಾಡಿ, ಹ್ಯಾಂಡ್ ಪಂಪ್ ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವ ಆ ಗಳಿಗೆಗೆ ಸರಿಯಾಗಿ ಬಿಗಿ ಮಾಡಬೇಕು. ಪುಸ್ತಕದಲ್ಲಿ ಎರಡು ಸಾಲು. ಆದರೆ ಲಡಾಖಿನ ಚಳಿಯಲ್ಲಿ, ಕೈ ಮರಗಟ್ಟಿರುವಾಗ, ಸ್ಟಾಲಿಯನ್ ಗಾಡಿ ಕೆಳಗೆ ಮಲಗಿ ಮಾಡಬೇಕಾದಾಗ ವರ್ಷಗಟ್ಟಲೆ ಮಾಡಿದ ಕೈಗೂ ಶಾಮಿಯಾನ ಕಟ್ಟಿದ ಕೈಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಬೇರೆ ಓದುಗರಿಗಾಗಿ ಬರೆದೆ.

ಸಂತರಿ (ಕಾವಲುಗಾರ) ಇಲ್ಲದೆ ವರ್ಕ್‌ಶಾಪ್ ಇಲ್ಲ, ಅದು ನಿಜ. ಮೆಕ್ಯಾನಿಕ್ ಕೂಡ ಮೊದಲು ಸಿಪಾಯಿಯೇ, ರೈಫಲ್ ಹಿಡಿಯಲೇಬೇಕು. ಗಾರ್ಡ್ ಬಗ್ಗೆ ನನ್ನ ತಕರಾರಿಲ್ಲ. ಶಾಮಿಯಾನದ ಬಗ್ಗೆ ಇದೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಬಿಇ ಕೊನೆ ವರ್ಷ. ಶಾರ್ಟ್ ಸರ್ವಿಸ್ ಕಮಿಷನ್ ಟೆಕ್ನಿಕಲ್ ಎಂಟ್ರಿಗೆ ಹಾಕಬೇಕು ಅಂತಿದ್ದೇನೆ. ನೋಟಿಫಿಕೇಶನ್‌ನಲ್ಲಿ ಬ್ರಾಂಚ್ ಪ್ರಕಾರ ಸೀಟು ಇದೆ. ಹಾಗಾದರೆ ನನಗೆ ಸೈಬರ್, ಸಾಫ್ಟ್‌ವೇರ್ ಕೆಲಸವೇ ಸಿಗುತ್ತದಾ ಸಾರ್? – ಹುಬ್ಬಳ್ಳಿ

ಉತ್ತರ: ಸಿಗಬಹುದು. ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡು ಮಾತ್ರ ಹೋಗಬೇಡಮ್ಮ.

ಬ್ರಾಂಚ್ ಪ್ರಕಾರ ಸೀಟು ಇರುವುದು ಆಯ್ಕೆಗೆ. ತರಬೇತಿಯ ಕೊನೆಗೆ ನಿನ್ನ ಇಷ್ಟ ಕೇಳುತ್ತಾರೆ. ಅದರ ಜೊತೆ ಮೆರಿಟ್, ಖಾಲಿ ಜಾಗ ಎರಡನ್ನೂ ನೋಡಿ ಕೋರ್ ಕೊಡುತ್ತಾರೆ. ಸಿಗ್ನಲ್ಸ್ (ಸೇನೆಯ ಸಂಪರ್ಕ ವ್ಯವಸ್ಥೆ ನೋಡುವ ಕೋರ್) ಸಿಕ್ಕರೆ ನಿನ್ನ ಓದಿಗೆ ಹತ್ತಿರ. ಸಿಕ್ಕ ಮೇಲೂ ಲೆಫ್ಟಿನೆಂಟ್ ಕೂತು ಕೋಡ್ ಬರೆಯುವುದು ಕಮ್ಮಿ. ನಿನ್ನ ಕೈಕೆಳಗೆ ಜವಾನರು ಇರುತ್ತಾರೆ. ಅವರ ರಜೆ, ಅವರ ಮನೆ ತಾಪತ್ರಯ, ಫೈರಿಂಗ್, ಸ್ಟೋರ್ ಲೆಕ್ಕ, ಎಕ್ಸರ್‌ಸೈಜ್‌ಗೆ ಹೋದಾಗ ರಾತ್ರಿ ಲೈನ್ ಕಟ್ ಆದರೆ ಅದರ ಜವಾಬ್ದಾರಿ, ಎಲ್ಲಾ ನಿನ್ನದೇ. ಆಫೀಸರ್ ಅಂದರೆ ಜನರನ್ನು ನಡೆಸುವ ಕೆಲಸ, ಎಂಜಿನಿಯರಿಂಗ್ ಅದರ ಒಳಗೆ ಒಂದು ಪಾಲು. ಇದು ಇಷ್ಟ ಇದ್ದರೆ ಎಸ್‌ಎಸ್‌ಬಿಗೆ (ಆಫೀಸರ್ ಆಯ್ಕೆಯ ಸಂದರ್ಶನಕ್ಕೆ) ಧೈರ್ಯವಾಗಿ ಹೋಗು, ಬೆಂಗಳೂರಲ್ಲೇ ಸೆಲೆಕ್ಷನ್ ಸೆಂಟರ್ ಇದೆ. ಹತ್ತು ವರ್ಷದ ಸೇವೆ, ಮತ್ತೆ ನಾಲ್ಕು ವರ್ಷ ವಿಸ್ತರಿಸಬಹುದು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಹಿಳೆಯರಿಗೂ ಪರ್ಮನೆಂಟ್ ಕಮಿಷನ್ (ನಿವೃತ್ತಿವರೆಗಿನ ಕಾಯಂ ಸೇವೆ) ದಾರಿ ತೆರೆದಿದೆ, ಸಿಗ್ನಲ್ಸ್, ಎಂಜಿನಿಯರ್ಸ್, ಇಎಂಇ ಎಲ್ಲ ಅದರಲ್ಲಿ ಸೇರಿವೆ.

ಯುದ್ಧ ಬಂದರೆ ಓದಿನ ಲೆಕ್ಕ ಎಷ್ಟು ಬೇಗ ಬದಲಾಗುತ್ತದೆ ಅನ್ನೋದಕ್ಕೆ ಅಮೆರಿಕದ ಒಂದು ಕಥೆ ಕೇಳು. 1942ರ ಕೊನೆಗೆ ಅವರ ಸೇನೆ ಬುದ್ಧಿವಂತ ಹುಡುಗರನ್ನು ಆರಿಸಿ, ಸೈನಿಕರಾಗಿಯೇ ಕಾಲೇಜಿಗೆ ಕಳಿಸುವ ಯೋಜನೆ ತಂದಿತು. ಎಂಜಿನಿಯರಿಂಗ್, ವೈದ್ಯಕೀಯ, ವಿದೇಶಿ ಭಾಷೆ ಕಲಿಸುತ್ತಿದ್ದರು. 1944ರ ಫೆಬ್ರವರಿಯಲ್ಲಿ ಯುರೋಪಿಗೆ ನುಗ್ಗಲು ಕಾಲಾಳು ಸಾಲುತ್ತಿಲ್ಲ ಅಂತ ಆಯಿತು ನೋಡು, ಒಂದು ಲಕ್ಷಕ್ಕೂ ಹೆಚ್ಚು ಹುಡುಗರನ್ನು ಕ್ಲಾಸಿನಿಂದ ಎಬ್ಬಿಸಿದರು. ಬಹಳಷ್ಟು ಜನ ಇನ್‌ಫೆಂಟ್ರಿಗೆ ಹೋದರು. ಅದರಲ್ಲಿ ಹೆನ್ರಿ ಕಿಸಿಂಜರ್ ಕೂಡ ಒಬ್ಬರು, ಎಂಜಿನಿಯರಿಂಗ್ ಓದುತ್ತಿದ್ದವರು 84ನೇ ಇನ್‌ಫೆಂಟ್ರಿ ಡಿವಿಜನ್ನಿನಲ್ಲಿ ಸಾಮಾನ್ಯ ಸಿಪಾಯಿ ಆದರು. ಅಲ್ಲಿ ಅವರ ಕೈಹಿಡಿದದ್ದು ಸೇನೆ ಕಲಿಸಿದ ಎಂಜಿನಿಯರಿಂಗ್ ಅಲ್ಲ, ಹುಟ್ಟಿನಿಂದ ಬಂದ ಜರ್ಮನ್. ಅದನ್ನು ಒಬ್ಬರು ಗಮನಿಸಿದರು, ಗುಪ್ತಚರ ಕೆಲಸಕ್ಕೆ ಎಳೆದುಕೊಂಡರು. ಗಮನಿಸುವವರು ಸಿಗದೆ ಹಾಗೇ ಉಳಿದವರು ಎಷ್ಟು ಜನವೋ.

ದಿನವಿಡೀ ಸ್ಕ್ರೀನ್ ಮುಂದೆ ಕೂತು ಸೈಬರ್ ಕೆಲಸವೇ ಮಾಡಬೇಕು ಅನ್ನುವುದು ನಿನ್ನ ಆಸೆ ಆಗಿದ್ದರೆ ಡಿಆರ್‌ಡಿಒ ವಿಜ್ಞಾನಿ ಹುದ್ದೆ, ಬಿಇಎಲ್ ಇವುಗಳ ಕಡೆಯೂ ನೋಡು. ಯೂನಿಫಾರ್ಮ್ ಇರುವುದಿಲ್ಲ, ಆದರೆ ಕಲಿತ ಕೆಲಸಕ್ಕೆ ಹತ್ತಿರ.

ಪ್ರಶ್ನೆ: ನಾನು ಏರ್‌ಫೋರ್ಸ್‌ನಲ್ಲಿ ಎಂಜಿನ್ ಫಿಟ್ಟರ್ ಆಗಿ 20 ವರ್ಷ ಇದ್ದೆ, ಬಹಳ ಕಾಲ ಎಎನ್-32 ಸಾಗಣೆ ವಿಮಾನದ ಮೇಲೆ. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಗೇಟಲ್ಲಿ ನಿಂತು ಬಂದ ಕಾರಿನ ನಂಬರ್ ಬರೆಸುತ್ತೇನೆ. ನನ್ನ ಟ್ರೇಡ್‌ಗೆ ಹೊರಗೆ ಬೆಲೆಯೇ ಇಲ್ವಾ? – ಹೆಸರು ಬೇಡ

ಉತ್ತರ: ಬೆಲೆ ಇದೆ ಸಾರ್, ಅದನ್ನು ತೋರಿಸುವ ಕಾಗದ ನಿಮ್ಮ ಹತ್ತಿರ ಇಲ್ಲ. ಡಿಸ್ಚಾರ್ಜ್ ಬುಕ್‌ನಲ್ಲಿ ‘ಪ್ರೊಪಲ್ಷನ್ ಫಿಟ್ಟರ್’ ಅಂತ ಇದ್ದರೆ ಖಾಸಗಿ ಕಂಪನಿಯ ಎಚ್‌ಆರ್ ಹುಡುಗಿಗೆ ಅದೇನು ಅಂತ ಗೊತ್ತಾಗುವುದಿಲ್ಲ, ಪಾಪ. ‘ಮಾಜಿ ಸೈನಿಕ’ ಅನ್ನುವುದು ಮಾತ್ರ ಗೊತ್ತಾಗುತ್ತದೆ, ಮಾಜಿ ಸೈನಿಕ ಅಂದ ತಕ್ಷಣ ಸೆಕ್ಯುರಿಟಿ. ಮಾಜಿ ಸೈನಿಕರ ಪುನರ್ವಸತಿ ನಿರ್ದೇಶನಾಲಯ ಕೂಡ ಸೆಕ್ಯುರಿಟಿ ಏಜೆನ್ಸಿಗಳನ್ನು ನೋಂದಾಯಿಸಿಕೊಂಡಿದೆ, ಅದು ಸುಲಭಕ್ಕೆ ಸಿಗುವ ದಾರಿ. ಆದ್ದರಿಂದ ಎಂಜಿನ್ ಮೇಲೆ ಲಾಕ್ ವೈರ್ (ಬೋಲ್ಟ್ ಸಡಿಲ ಆಗದಂತೆ ಕಟ್ಟುವ ತಂತಿ) ಹಾಕುವಾಗ ಅದರ ಎಳೆತ ಬೋಲ್ಟನ್ನು ಬಿಗಿ ಮಾಡುವ ದಿಕ್ಕಿಗೇ ಇರಬೇಕು ಅಂತ ಕಣ್ಣು ಮುಚ್ಚಿ ಹೇಳಬಲ್ಲವರು, ವಿಮಾನ ಬಿಡುವ ಮುಂಚೆ ಟೂಲ್ ಬಾಕ್ಸ್‌ನ ಒಂದೊಂದು ಸ್ಪ್ಯಾನರ್ ಎಣಿಸಿ ಸಹಿ ಹಾಕಿದವರು, ಗೇಟಿಗೆ ಬಂದು ನಿಲ್ಲುತ್ತಾರೆ. ಸೆಕ್ಯುರಿಟಿ ಕೆಲಸ ಕೀಳು ಅನ್ನುತ್ತಿಲ್ಲ. ಆದರೆ ಆ ಶಿಸ್ತನ್ನು ಕಲಿಸಲು ದೇಶ ಎಷ್ಟು ಖರ್ಚು ಮಾಡಿದೆ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ದಾರಿ ಇದೆ, ಹತ್ತುವ ದಾರಿ. ನಾಗರಿಕ ವಿಮಾನದ ಕೆಲಸಕ್ಕೆ ಸಹಿ ಹಾಕಬೇಕಾದರೆ ಡಿಜಿಸಿಎಯ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ) ಸಿಎಆರ್-66 ಲೈಸೆನ್ಸ್ ಬೇಕು. ನಿಮ್ಮ ಎಎನ್-32 ಟರ್ಬೋಪ್ರಾಪ್ (ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲರ್ ತಿರುಗುವ ವಿಮಾನ), ಆದ್ದರಿಂದ ನಿಮಗೆ ಹೊಂದುವುದು ಬಿ1.1 ವಿಭಾಗ, ಟರ್ಬೈನ್ ಎಂಜಿನ್ ವಿಮಾನಗಳದ್ದು. ನಿಮ್ಮ ಸ್ನೇಹಿತರು ಯಾರಾದರೂ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಕಡೆಯವರಾಗಿದ್ದರೆ ಅವರಿಗೆ ಬಿ2. ಪರೀಕ್ಷೆ ಮಾಡ್ಯೂಲ್ ಮಾಡ್ಯೂಲ್ ಆಗಿ ಇರುತ್ತದೆ, ಒಂದೊಂದಾಗಿ ಬರೆಯಬಹುದು. ಸೇನಾ ವಿಮಾನದ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಆದರೆ ಅದರ ಮೇಲೆ ನಾಗರಿಕ ವಿಮಾನದ ಮೇಲೂ ಸ್ವಲ್ಪ ಕಾಲ ಕೆಲಸ ಮಾಡಿರಬೇಕು. ಇಲ್ಲೇ ತುಂಬಾ ಜನ ಸೋಲುವುದು. 40ರ ಹತ್ತಿರದಲ್ಲಿ, 25ರ ಹುಡುಗನ ಕೈಕೆಳಗೆ, ಈಗಿನ ಸಂಬಳಕ್ಕಿಂತ ಕಮ್ಮಿಗೆ ಟೆಕ್ನೀಷಿಯನ್ ಆಗಿ ಸೇರಬೇಕಾಗಬಹುದು. ಪಿಂಚಣಿ ಬರುತ್ತಿರುವುದರಿಂದ ನೀವು ಅದನ್ನು ತಡೆದುಕೊಳ್ಳಬಹುದೇನೋ, ಮನೆಯಲ್ಲಿ ಕೂತು ಮಾತಾಡಿ. ಪ್ರಾದೇಶಿಕ ಊರುಗಳಿಗೆ ಹಾರುವ ಎಟಿಆರ್-72 ಕೂಡ ಟರ್ಬೋಪ್ರಾಪ್, ಅಲ್ಲಿ ನಿಮ್ಮ ಕಿವಿಗೆ ಎಂಜಿನ್ ಸದ್ದು ಪರಿಚಯದ್ದೇ ಅನ್ನಿಸುತ್ತದೆ.

ಇದೆಲ್ಲ ಬೇಡ ಅಂದರೆ ಸರ್ಕಾರಿ ದಾರಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10, ಕೇಂದ್ರದ ಸಾರ್ವಜನಿಕ ಉದ್ಯಮಗಳಲ್ಲಿ ಅದೇ ಮಟ್ಟದ ಹುದ್ದೆಗಳಿಗೆ ಶೇಕಡಾ 14.5 ಮೀಸಲಾತಿ ಇದೆ. ಎಚ್‌ಎಎಲ್ ನೇಮಕಾತಿ ಪ್ರಕಟಣೆ ಮೇಲೆ ಕಣ್ಣಿಡಿ. ಬಯೋಡೇಟಾ ಮಾತ್ರ ಹೊಸದಾಗಿ ಬರೆಸಿ. ‘ಸಾರ್ಜೆಂಟ್, ಇಷ್ಟು ವರ್ಷ ಸೇವೆ’ ಅಂತ ಶುರು ಮಾಡಬೇಡಿ, ಮೊದಲ ಸಾಲಿನಲ್ಲೇ ಯಾವ ಎಂಜಿನ್, ಏನೇನು ಕೆಲಸ, ಯಾವ ಮಟ್ಟದವರೆಗೆ ಸಹಿ ಹಾಕುವ ಅಧಿಕಾರ ಇತ್ತು ಅಂತ ಬರಲಿ.

ಪ್ರಶ್ನೆ: ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಮಿಲಿಟರಿ ಸೇರಲೇಬೇಕು ಅಂತ ಹಟ. ಟೆಕ್ನಿಕಲ್‌ಗೆ ಹಾಕಿಸಲಾ, ಜಿಡಿಗೆ ಹಾಕಿಸಲಾ? – ಒಬ್ಬ ತಾಯಿ, ಕೊಪ್ಪಳ

ಉತ್ತರ: ತಾಯಿ, ಅವನ ಗಣಿತ ಹೇಗಿದೆ ಅನ್ನೋದರ ಮೇಲೆ ನಿಂತಿದೆ. ಟೆಕ್ನಿಕಲ್ ಪರೀಕ್ಷೆಯಲ್ಲಿ ಭೌತಶಾಸ್ತ್ರ, ಗಣಿತದ ಪ್ರಶ್ನೆ ಪಿಯುಸಿ ವಿಜ್ಞಾನದ ಹುಡುಗರಿಗೆ ಹೊಂದುವ ಹಾಗಿರುತ್ತದೆ, ಐಟಿಐ ಹುಡುಗರು ಅಲ್ಲೇ ಮುಗ್ಗರಿಸುತ್ತಾರೆ. ಐಟಿಐಗೆ ಕೊಡುವ ಹೆಚ್ಚುವರಿ ಅಂಕ ಸ್ವಲ್ಪ ಆಸರೆ, ಅದೇ ದಡ ಸೇರಿಸುವುದಿಲ್ಲ. ಆರು ತಿಂಗಳು ಕೂತು ಓದುತ್ತೇನೆ ಅಂದರೆ ಟೆಕ್ನಿಕಲ್‌ಗೇ ಹಾಕಿಸಿ. ಓದು ಒಗ್ಗುವುದಿಲ್ಲ, ಯೂನಿಫಾರ್ಮ್ ಒಂದು ಸಿಕ್ಕರೆ ಸಾಕು ಅಂದರೆ ಜಿಡಿಗೆ ಹಾಕಲಿ. ಆದರೆ ಫಿಟ್ಟರ್ ಕೆಲಸ ಅಲ್ಲಿ ಸಿಗುತ್ತದೆ ಅಂತ ಕಾಯಬಾರದು, ಹೋಗುವ ಮುಂಚೆಯೇ ಅದನ್ನು ಅವನಿಗೆ ಬಿಡಿಸಿ ಹೇಳಿ. ಜಿಡಿ ಅಂತ ಆದರೆ ಲೈಟ್ ವೆಹಿಕಲ್ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಡಿ, ಡ್ರೈವರ್ ಬೇಕಾದಾಗ ಲೈಸೆನ್ಸ್ ಇದ್ದವರಿಗೆ ಆದ್ಯತೆ ಕೊಡುತ್ತಾರೆ. ಹತ್ತನೇ ತರಗತಿ ಮಾರ್ಕ್ಸ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಒಂದೇ ತರ ಇದೆಯಾ ಅಂತ ಈ ವಾರವೇ ನೋಡಿ. ಇಲ್ಲದಿದ್ದರೆ ತಿದ್ದಿಸಲು ಟೈಮ್ ಹಿಡಿಯುತ್ತದೆ.